ನಾಲ್ಕು ಮೊಟ್ಟೆ ಕೇಳಲು ಬಂದವನು

ಬಾಗಿಲಲ್ಲಿ ನಿಂತ ಯುವಕ ಕಳ್ಳನಂತೆ ಕಾಣುವುದಿಲ್ಲ. ಬಿಳಿಯ ಉಡುಪು, ಬಿಳಿಯ ಕೈಗವಸು, ತಗ್ಗಿದ ದನಿ, ತೊಂದರೆ ಕೊಡುತ್ತಿದ್ದೇನೆಂಬ ಸಂಕೋಚದ ಮುಖ. ನೆರೆಮನೆಯಾಕೆ ಕಳುಹಿಸಿದ್ದಾಳೆ, ನಾಲ್ಕು ಮೊಟ್ಟೆ ಬೇಕು, ಅಷ್ಟೆ. ಮನೆಯೊಡತಿ ಆನ್ನಾ ಕೊಡುತ್ತಾಳೆ. ಅವನ ಕೈಜಾರಿ ಅವು ಒಡೆಯುತ್ತವೆ. ನೆಲ ಒರೆಸಿ ಮತ್ತೆ ಕೊಡುತ್ತಾಳೆ. ಅಷ್ಟರಲ್ಲಿ ಅವನ ಮೈತಾಗಿ ಮನೆಯ ಫೋನು ಸಿಂಕಿನ ನೀರಿಗೆ ಬೀಳುತ್ತದೆ. ಆಕೆ ಸಿಟ್ಟನ್ನು ನುಂಗಿಕೊಳ್ಳುತ್ತಾಳೆ. ಆಸ್ಟ್ರಿಯದ ನಿರ್ದೇಶಕ ಮಿಖಾಯೆಲ್ ಹಾನೆಕೆಯ ‘ಫನ್ನಿ ಗೇಮ್ಸ್’ (1997) ಚಿತ್ರದಲ್ಲಿ ಇನ್ನೂ ಯಾರೂ ಯಾರ ಮೇಲೂ ಕೈಮಾಡಿಲ್ಲ. ಆದರೆ ನೋಡುವವನ ಎದೆ ಆಗಲೇ ಹೊಡೆದುಕೊಳ್ಳತೊಡಗಿರುತ್ತದೆ.

ಮನೆಯೊಳಗೆ ಸಿಕ್ಕಿಬಿದ್ದ ಗಂಡಹೆಂಡಿರು, ಹೊರಗಿನಿಂದ ಬಂದ ಅಪರಿಚಿತರು: ಈ ಕಥಾಬೀಜದ ರೋಮಾಂಚಕ ಚಿತ್ರಗಳನ್ನು ಇಂದಿನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಸಾಲುಸಾಲಾಗಿ ನೋಡುತ್ತಾರೆ, ತರಗತಿಯಲ್ಲಿ ಅದರ ಮಾತೆತ್ತಲು ಮಾತ್ರ ನಾಚುತ್ತಾರೆ. ಕಾವ್ಯಮೀಮಾಂಸೆ ಓದುವವರು ಇಂಥದ್ದನ್ನು ನೋಡಬಾರದೆಂಬ ಭಾವನೆ ಎಲ್ಲಿಂದಲೋ ಬಂದಿದೆ. ನಾಚಬೇಕಾದ ಕಾರಣವಿಲ್ಲ. ಈ ಕಥೆಯನ್ನು ಓದುವ ಉಪಕರಣಗಳು ಅವರ ಪಠ್ಯದಲ್ಲಿಯೇ ಇವೆ.

ಮೊದಲು ಪದದ ಪ್ರಶ್ನೆ. ಇಂಗ್ಲಿಷಿನವರು ‘ಹೋಮ್ ಇನ್ವೇಷನ್’ ಎಂದು ಕರೆಯುವ ಕೃತ್ಯಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ. ‘ಕನ್ನ’ ಎಂದರೆ ಗೋಡೆ ಕೊರೆಯುವುದು. ಕನ್ನ ಹಾಕುವವನು ಮನೆಯವರು ಏಳದಿರಲೆಂದು ಬೇಡಿಕೊಳ್ಳುತ್ತಾನೆ. ‘ಸುಲಿಗೆ’ಯಲ್ಲಿ ದೃಷ್ಟಿಯೆಲ್ಲ ಒಡವೆಯ ಮೇಲೆ. ‘ದರೋಡೆ’ ಮರಾಠಿಯ ‘ದರೋಡಾ’ದಿಂದ ಬಂದದ್ದು; ಕಾನೂನಿನ ಪ್ರಕಾರ ಅದಕ್ಕೆ ಐವರಾದರೂ ಬೇಕು. ಸೊಲ್ಲಾಪುರದ ಮರಾಠಿ ಪತ್ರಿಕೆಗಳು ದಿನವೂ ಅಚ್ಚುಮಾಡುವ ‘ಘರಫೋಡೀ’ಯೂ ಬೀಗ ಒಡೆದವರ ಸುದ್ದಿಯೇ. ಈ ಎಲ್ಲ ಪದಗಳಲ್ಲಿಯೂ ಬಂದವನಿಗೆ ಬೇಕಾದದ್ದು ಮನೆಯಲ್ಲಿರುವ ವಸ್ತು, ಮನೆಯವರು ಅಡ್ಡಿ. ಆನ್ನಾಳ ಬಾಗಿಲಿಗೆ ಬಂದವನಿಗೆ ವಸ್ತುವಿನ ಗೊಡವೆಯೇ ಇಲ್ಲ. ಅವನಿಗೆ ಬೇಕಾದವರು ಮನೆಯವರು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ತಿಳಿಯಲು ಶೂದ್ರಕನ ‘ಮೃಚ್ಛಕಟಿಕ’ವನ್ನು ನೆನೆದರೆ ಸಾಕು. ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುವಾಗ ಯಾವ ಆಕಾರದ ಕಂಡಿ ಕೊರೆದರೆ ಚೆನ್ನ ಎಂದು ಶಿಲ್ಪಿಯಂತೆ ಚಿಂತಿಸುತ್ತಾನೆ. ಬೆಳಿಗ್ಗೆ ಕಂಡಿಯನ್ನು ಕಂಡ ಚಾರುದತ್ತ ಅದರ ಅಂದವನ್ನು ಮೆಚ್ಚುತ್ತಾನೆ; ಕಳ್ಳ ಬರಿಗೈಯಲ್ಲಿ ಹೋಗಲಿಲ್ಲವೆಂದು ಸಮಾಧಾನಪಡುತ್ತಾನೆ. ಆ ಕಳ್ಳನಿಗೂ ಆ ಮನೆಯೊಡೆಯನಿಗೂ ನಡುವೆ ಒಂದು ಲೋಕಮರ್ಯಾದೆ ಉಳಿದಿದೆ. ಹಾನೆಕೆಯ ಯುವಕರು ಆ ಮರ್ಯಾದೆಯನ್ನೇ ಕೀಲಿಕೈ ಮಾಡಿಕೊಂಡು ಒಳಬರುತ್ತಾರೆ.

ಅಕ್ಕಲಕೋಟೆ, ಜತ್ತ ಕಡೆಯ ಹಳೆಯ ವಾಡೆಗಳಲ್ಲಿ ಬಂದವರನ್ನು ಮೊದಲು ಪಡಸಾಲೆಯಲ್ಲಿ ಕೂರಿಸುವ ರೂಢಿಯಿತ್ತು. ಅದು ಮನೆಯ ಒಳಗೂ ಹೌದು, ಹೊರಗೂ ಹೌದು. ನೀರು ಬೆಲ್ಲ ಅಲ್ಲಿಗೇ ಬರುತ್ತಿದ್ದವು; ಬಂದವನು ಯಾರೆಂಬುದು ಅಲ್ಲಿಯೇ ಇತ್ಯರ್ಥವಾಗುತ್ತಿತ್ತು. ಸರೋವರದ ದಂಡೆಯ ಆ ಬೇಸಿಗೆಯ ಮನೆಯಲ್ಲಿ ಅಂಥ ನಡುಜಾಗವಿಲ್ಲ. ಕದ ತೆರೆದರೆ ಅಪರಿಚಿತ ನೇರವಾಗಿ ಅಡುಗೆಮನೆಯವರೆಗೂ ಬಂದುಬಿಡುತ್ತಾನೆ.

ಆದರೆ ಚಿತ್ರದ ನಿಜವಾದ ತಿರುವು ಕದದ ಬಳಿ ಇಲ್ಲ. ಎರಡನೆಯ ಯುವಕ ಪೌಲ್ ಬಂದು ಸೇರಿಕೊಂಡ ಮೇಲೆ, ಮೊಟ್ಟೆಗಳು ಮತ್ತೊಮ್ಮೆ ಒಡೆದ ಮೇಲೆ, ಆನ್ನಾಗೆ ಇವರು ಸರಿಯಿಲ್ಲವೆಂಬುದು ಖಚಿತವಾಗುತ್ತದೆ. ಗಂಡ ಗೇಯೋರ್ಗ್ ಒಳಬಂದೊಡನೆ ಇವರನ್ನು ಹೊರಗೆ ಕಳುಹಿಸು ಎನ್ನುತ್ತಾಳೆ. ಗೇಯೋರ್ಗ್ ಒಳ್ಳೆಯವನು, ಸುಸಂಸ್ಕೃತ. ಆದ್ದರಿಂದಲೇ ಏನಾಯಿತೆಂದು ವಿಚಾರಿಸುತ್ತಾನೆ. ಆನ್ನಾಳ ಬಳಿ ಹೇಳಲು ಏನಿದೆ? ಮೊಟ್ಟೆ ಒಡೆದವು, ಫೋನು ನೀರಿಗೆ ಬಿತ್ತು. ಬಾಯಲ್ಲಿ ಹೇಳಿದರೆ ಅದು ಅಪರಾಧವೇ ಅಲ್ಲ. ಯುವಕರ ವಿವರಣೆಯಾದರೋ ವಿನಯಪೂರ್ಣವಾಗಿದೆ, ತರ್ಕಬದ್ಧವಾಗಿದೆ. ಹೆಂಡತಿಯ ಮಾತನ್ನೂ ಅಪರಿಚಿತರ ಮಾತನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಆ ಒಂದು ನಿಮಿಷದಲ್ಲಿ ಮನೆ ಕೈಬಿಟ್ಟುಹೋಗುತ್ತದೆ. ಕೊನೆಗೆ ಅವನು ಪೌಲ್‌ನ ಕೆನ್ನೆಗೆ ಹೊಡೆಯುತ್ತಾನೆ. ಉತ್ತರವಾಗಿ ಗಾಲ್ಫ್ ಕೋಲಿನ ಪೆಟ್ಟಿಗೆ ಅವನ ಕಾಲು ಮುರಿಯುತ್ತದೆ. ಹೊತ್ತು ಮೀರಿರುತ್ತದೆ.

ಕಾರಣ ಹೇಳಲಾಗದ ಅಂಜಿಕೆಗೆ ಮನೆಯಲ್ಲಿ ಎಷ್ಟು ಬೆಲೆಯಿದೆ ಎಂಬುದೇ ಇಂಥ ಕಥೆಗಳ ಮರ್ಮ. ತರಗತಿಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಸ್ಸಿನಲ್ಲಿಯೋ ಓಣಿಯಲ್ಲಿಯೋ ಯಾರದೋ ನಡೆ ಸರಿಯಿಲ್ಲವೆಂದು ಮನೆಯಲ್ಲಿ ಹೇಳಿದಾಗ ‘ಅವನು ಏನು ಮಾಡಿದ?’ ಎಂಬ ಮರುಪ್ರಶ್ನೆಯನ್ನು ಕೇಳದವರು ಅವರಲ್ಲಿ ವಿರಳ.

ಈ ದೃಷ್ಟಿಯಿಂದ ನೋಡಿದರೆ ಪಂಚವಟಿಯ ಪ್ರಸಂಗವೂ ಹೊಸದಾಗಿ ಕಾಣುತ್ತದೆ. ಜನಪ್ರಿಯವಾದ ಲಕ್ಷ್ಮಣರೇಖೆ ವಾಲ್ಮೀಕಿಯಲ್ಲಿಲ್ಲ. ಅಲ್ಲಿ ಸೀತೆಯನ್ನು ಕಟ್ಟಿಹಾಕುವುದು ಅತಿಥಿಧರ್ಮ: ಬಂದವನು ಸಂನ್ಯಾಸಿ, ಮಾತಾಡಿಸದಿದ್ದರೆ ಶಪಿಸಿಯಾನು ಎಂಬ ಅಳುಕಿನಿಂದಲೇ ಆಕೆ ಅವನಿಗೆ ಉತ್ತರಿಸುತ್ತಾಳೆ. ನಾಲ್ಕು ಮೊಟ್ಟೆ ಕೊಡುವಾಗ ಆನ್ನಾಳಲ್ಲಿದ್ದದ್ದೂ ಇದರದೇ ಬಡಕಲು ರೂಪ, ಒರಟಳೆನಿಸಿಕೊಳ್ಳಬಾರದೆಂಬ ಅಳುಕು. ಅದಕ್ಕೂ ಮೊದಲು ಪರ್ಣಶಾಲೆಯಲ್ಲಿ ಒಂದು ನಂಬಿಕೆ ಮುರಿದಿದೆ. ಆ ಕೂಗು ರಾಮನದಲ್ಲವೆಂದು ಲಕ್ಷ್ಮಣ ಹೇಳಿದಾಗ ಸೀತೆ ನಂಬುವುದಿಲ್ಲ. ರಾವಣ ಅಂಗಳಕ್ಕೆ ಬರುವ ಮೊದಲೇ ಒಳಗಿನವರ ನಡುವೆ ಬಿರುಕು ಬಿದ್ದಿದೆ. ಆದಿಕವಿಗೆ ಈ ಕ್ರಮ ಗೊತ್ತಿತ್ತು.

ಬ್ರಯನ್ ಬರ್ಟಿನೊ ನಿರ್ದೇಶಿಸಿದ ‘ದ ಸ್ಟ್ರೇಂಜರ್ಸ್’ (2008) ಎಂಬ ಅಮೆರಿಕದ ಚಿತ್ರವನ್ನು ವಿಮರ್ಶಕರು ಹಾನೆಕೆಯ ಸಾಲಿನಲ್ಲಿ ಕೂರಿಸುವುದಿಲ್ಲ. ಅದರಲ್ಲಿ ಆ ಬೌದ್ಧಿಕ ಹರಿತವಿಲ್ಲ, ನಿಜ. ಆದರೂ ದಾಂಪತ್ಯದ ಹೊಸ್ತಿಲಲ್ಲಿ ನಿಂತ ಇಬ್ಬರನ್ನು ಅದು ಹೆಚ್ಚು ಪ್ರಾಮಾಣಿಕವಾಗಿ ನೋಡುತ್ತದೆ. ಜೇಮ್ಸ್ ಮದುವೆಯ ಮಾತೆತ್ತಿದ್ದಾನೆ, ಕ್ರಿಸ್ಟನ್ ಒಪ್ಪಿಲ್ಲ. ಒಪ್ಪುತ್ತಾಳೆಂಬ ಭರವಸೆಯಿಂದ ಅವನು ಮೊದಲೇ ಚೆಲ್ಲಿಟ್ಟ ಗುಲಾಬಿಯ ಎಸಳುಗಳು ಮನೆಯಲ್ಲಿ ಹಾಗೆಯೇ ಬಿದ್ದಿವೆ. ಆ ಮೌನದ ನಡುವೆ ನಸುಕಿನಲ್ಲಿ ಕದ ಬಡಿದ ಸದ್ದು. ಅಪರಿಚಿತ ಹುಡುಗಿಯೊಬ್ಬಳು ಇಲ್ಲದವಳ ಹೆಸರು ಹೇಳಿ ಇದ್ದಾಳೆಯೇ ಎಂದು ಕೇಳುತ್ತಾಳೆ. ಜೇಮ್ಸ್ ಸಿಗರೇಟು ತರಲು ಹೊರಹೋಗುತ್ತಾನೆ. ಮುಖವಾಡದ ಮೂವರು ಬರುವುದು ಆ ನಂತರ. ನಮಗೇಕೆ ಹೀಗೆ ಮಾಡುತ್ತಿದ್ದೀರಿ ಎಂದು ಕ್ರಿಸ್ಟನ್ ಕೊನೆಯಲ್ಲಿ ಕೇಳಿದಾಗ ಸಿಗುವ ಉತ್ತರ ಇಷ್ಟೆ: ನೀವು ಮನೆಯಲ್ಲಿದ್ದಿರಿ. ಕಾರಣವಿಲ್ಲದ ಈ ಕೇಡನ್ನು ಒಪ್ಪಿಕೊಳ್ಳಲು ಕಷ್ಟವಾಗುತ್ತದೆ. ಪೂರ್ವಜನ್ಮದ ಕರ್ಮವೋ ಹಳೆಯ ಹಗೆಯೋ ಏನಾದರೊಂದು ಇರಲೇಬೇಕೆಂದು ಮನಸ್ಸು ಹುಡುಕುತ್ತದೆ. ಚಿತ್ರ ಅದನ್ನು ಕೊಡುವುದಿಲ್ಲ.

ಇನ್ನು ರಸದ ಮಾತು. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಭಯಾನಕ ರಸ ಹೊಸದಲ್ಲ. ‘ಶಾಕುಂತಲ’ದ ಮೊದಲ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಅಭಿನವಗುಪ್ತ ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾನೆ. ಆ ಭಯ ಇಂಥ ಜಿಂಕೆಯದೆಂದಾಗಲಿ ತನ್ನದೆಂದಾಗಲಿ ಸಹೃದಯನಿಗೆ ಅನಿಸುವುದಿಲ್ಲ. ದೇಶಕಾಲಗಳ ಹಂಗು ಕಳಚಿದ ಭಯವೊಂದೇ ಆಸ್ವಾದ್ಯವಾಗಿ ಉಳಿಯುತ್ತದೆ. ಹಾನೆಕೆ ಬೇಕೆಂದೇ ಕೊಡಲಿಯಿಡುವುದು ಇಲ್ಲಿಗೆ. ಪೌಲ್ ಪರದೆಯಿಂದ ಪ್ರೇಕ್ಷಕನತ್ತ ತಿರುಗಿ ಕಣ್ಣು ಮಿಟುಕಿಸುತ್ತಾನೆ. ಬೆಳಗಿನ ಒಂಬತ್ತರೊಳಗೆ ಈ ಕುಟುಂಬ ಸಾಯುತ್ತದೆಂದು ಪಣವೊಡ್ಡಿ, ನೀವು ಯಾರ ಕಡೆ ಎಂದು ವಿಚಾರಿಸುತ್ತಾನೆ. ಸಾಧಾರಣೀಕರಣ ಅಲ್ಲಿಗೆ ಮುರಿಯಿತು. ಅಭಿನವಗುಪ್ತ ಏಳು ರಸವಿಘ್ನಗಳನ್ನು ಎಣಿಸಿದ್ದಾನೆ. ಹಾನೆಕೆ ವಿಘ್ನವನ್ನೇ ತನ್ನ ವಿಧಾನವಾಗಿಸಿಕೊಂಡಿದ್ದಾನೆ.

ಕೊಲೆಯನ್ನು ರಂಗದ ಮೇಲೆ ತೋರಬಾರದೆಂಬ ಭಾರತೀಯ ನಾಟ್ಯಪರಂಪರೆಯ ನಿಷೇಧವನ್ನು ಈ ಚಿತ್ರ ವಿಚಿತ್ರ ರೀತಿಯಲ್ಲಿ ಪಾಲಿಸುತ್ತದೆ. ಮಗನ ಕೊಲೆ ನಡೆಯುವಾಗ ಕ್ಯಾಮರಾ ಅಡುಗೆಮನೆಯಲ್ಲಿ ತಿನ್ನಲು ಏನೋ ಮಾಡಿಕೊಳ್ಳುತ್ತಿರುವ ಪೌಲ್‌ನೊಂದಿಗಿದೆ. ಸದ್ದು ಮಾತ್ರ ಕೇಳುತ್ತದೆ. ಆ ಬಳಿಕ ತಂದೆತಾಯಿಯರ ಕೋಣೆಯನ್ನು ಅದು ನಿಮಿಷಗಟ್ಟಲೆ ಕದಲದೆ ನೋಡುತ್ತದೆ. ಆನ್ನಾ ಮತ್ತು ಗೇಯೋರ್ಗ್‌ರಾಗಿ ನಟಿಸಿದ ಸುಸಾನೆ ಲೋಥಾರ್, ಉಲ್ರಿಖ್ ಮ್ಯೂಹೆ ನಿಜಜೀವನದಲ್ಲಿಯೂ ದಂಪತಿಗಳಾಗಿದ್ದರು ಎಂಬುದನ್ನು ಅರಿತು ಆ ದೃಶ್ಯವನ್ನು ನೋಡುವುದು ಇನ್ನೂ ಕಷ್ಟ. ಕಣ್ಣೆದುರೇ ನಡೆಯುವ ಕೊಲೆ ಒಂದೇ: ಆನ್ನಾ ಬಂದೂಕು ಕಸಿದು ಪೀಟರ್‌ನನ್ನು ಸುಡುತ್ತಾಳೆ. ಪ್ರೇಕ್ಷಕ ಕಾಯುತ್ತಿದ್ದ ಕೊಲೆ ಅದು. ಮರುಕ್ಷಣ ಪೌಲ್ ರಿಮೋಟ್ ಹುಡುಕಿ ಚಿತ್ರವನ್ನೇ ಹಿಂದಕ್ಕೆ ಓಡಿಸುತ್ತಾನೆ. ಪೀಟರ್ ಎದ್ದು ನಿಲ್ಲುತ್ತಾನೆ.

ಈ ರಿಮೋಟಿನ ಯುಕ್ತಿಯನ್ನು ಹೊಗಳಿದವರು ಬಹಳ. ಅದು ಜಾಣತನವೆಂಬುದರಲ್ಲಿ ಸಂಶಯವಿಲ್ಲ. ಆದರೆ ನೋಡುಗನನ್ನು ಕಟಕಟೆಯಲ್ಲಿ ನಿಲ್ಲಿಸುವ ಆತುರದಲ್ಲಿ ಹಾನೆಕೆ ತಾನೇ ಕಟ್ಟಿದ ಮನೆಯನ್ನು ಮರೆಯುತ್ತಾನೆ. ಆನ್ನಾ ಮತ್ತು ಗೇಯೋರ್ಗ್ ಆ ಗಳಿಗೆಯಿಂದ ವಾದವೊಂದರ ಕಾಯಿಗಳಾಗುತ್ತಾರೆ. ಹತ್ತು ವರ್ಷಗಳ ನಂತರ, 2007ರಲ್ಲಿ, ಅವನೇ ಅದನ್ನು ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯ ಹಾಗೆಯೇ ಮತ್ತೆ ತೆಗೆದ. ಅದೇ ಉಪದೇಶ ಎರಡನೆಯ ಸಲ.

ಹಿಂದಕ್ಕೆ ಓಡಿಸುವ ಆ ಕೈಯನ್ನು ಕಂಡಾಗ ಕನ್ನಡದ ವಿದ್ಯಾರ್ಥಿಗೆ ಸಿರಿಯಾಳನ ಕಥೆ ನೆನಪಾಗಬೇಕು. ಅಲ್ಲಿಯೂ ಗಂಡಹೆಂಡಿರ ಮನೆಬಾಗಿಲಿಗೆ ಒಬ್ಬ ಬರುತ್ತಾನೆ, ಸಾಮಾನ್ಯವಾದ ಕೋರಿಕೆಯಿಂದಲೇ, ಊಟದ ಕೋರಿಕೆಯಿಂದ. ಬೇಕಾದದ್ದು ಮಗ ಚೀಲಾಳ. ಸಿರಿಯಾಳ ಮತ್ತು ಚಂಗಳೆ ಕೊಡುತ್ತಾರೆ. ಭಕ್ತಿಯ ಪರೀಕ್ಷೆಯೆಂಬ ಚೌಕಟ್ಟಿನಿಂದ ಹೊರತೆಗೆದರೆ ಇದಕ್ಕಿಂತ ಘೋರವಾದ ಕಥೆ ಇನ್ನಾವುದಿದೆ! ಆದರೆ ಅಲ್ಲಿ ಬಂದವನು ಶಿವ. ಕೂಗಿ ಕರೆದಾಗ ಚೀಲಾಳ ಜೀವಂತನಾಗಿ ಬರುತ್ತಾನೆ. ಆದದ್ದನ್ನು ಆಗದಂತೆ ಮಾಡುವ ಶಕ್ತಿ ಕರುಣೆಯ ಕೈಯಲ್ಲಿದೆ. ಹಾನೆಕೆಯ ಲೋಕದಲ್ಲಿ ಆ ಶಕ್ತಿ ಕೊಲೆಗಾರನ ಕೈಯಲ್ಲಿರುವ ರಿಮೋಟು. ಮಗ ಮರಳುವುದಿಲ್ಲ, ಕೊಂದವನ ಗೆಳೆಯ ಮರಳುತ್ತಾನೆ. ತೌಲನಿಕ ಸಾಹಿತ್ಯದ ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಇಲ್ಲಿಂದ ಆರಂಭಿಸಬಹುದು.

ಕೊನೆಯ ದೃಶ್ಯದ ಮೇಲೂ ಅವರು ಕಣ್ಣಿಡಲಿ. ಮರುದಿನ ಬೆಳಿಗ್ಗೆ ಆನ್ನಾಳನ್ನು ದೋಣಿಯಿಂದ ನೀರಿಗೆ ನೂಕಿಯಾಗಿದೆ. ಪೌಲ್ ಸರೋವರದ ದಂಡೆಯ ಇನ್ನೊಂದು ಮನೆಯ ಕದ ತಟ್ಟುತ್ತಾನೆ. ಒಳಗಿನಿಂದ ಬಂದಾಕೆಗೆ ಅವನ ಮುಖ ಅಪರಿಚಿತವಲ್ಲ, ಹಿಂದಿನ ದಿನ ಆನ್ನಾಳ ಮನೆಯ ಬಳಿ ಕಂಡದ್ದೇ. ಆನ್ನಾ ಕಳುಹಿಸಿದ್ದಾಳೆ, ಒಂದಿಷ್ಟು ಮೊಟ್ಟೆ ಬೇಕಂತೆ, ಎನ್ನುತ್ತಾನೆ. ಆಕೆ ಒಳಗೆ ಕರೆಯುತ್ತಾಳೆ.