ಅಕ್ಷರಕ್ಕೆ ಮೊದಲು ಅಭಯ

ಗಲಭೆಯ ಬಳಿಕ ಸುಟ್ಟುಹೋದ ವಾಹನಗಳ ಲೆಕ್ಕ ಸಿಗುತ್ತದೆ. ಸಾವು, ಬಂಧನ, ಮೊಕದ್ದಮೆಗಳ ಲೆಕ್ಕವೂ ಸಿಗುತ್ತದೆ. ಆದರೆ ಆ ರಾತ್ರಿ ತಾಯಿಯ ಸೆರಗಿನಡಿ ನಡುಗುತ್ತಾ ಕುಳಿತ ಎಳೆಯ ಮಕ್ಕಳ ಲೆಕ್ಕವನ್ನು ಯಾರೂ ಇಡುವುದಿಲ್ಲ.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಡೆದ ಹಿಂಸೆಯನ್ನು ನೆನಪಿಸಿಕೊಳ್ಳಿ. ಪ್ರವಾದಿ(ಸ)ರನ್ನು ನಿಂದಿಸಿದ ಫೇಸ್‌ಬುಕ್ ಬರಹವೊಂದರ ವಿರುದ್ಧದ ಆಕ್ರೋಶವು ಶಾಸಕರ ಮನೆಗೆ ಬೆಂಕಿಯಿಡುವ, ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡುವ ಮಟ್ಟಕ್ಕೆ ಹೋಯಿತು. ಗೋಲಿಬಾರಿನಲ್ಲಿ ಮೂವರು ಮೃತಪಟ್ಟರು. ನೂರಾರು ಮಂದಿ ಬಂಧಿತರಾದರು. ಬೆಂಕಿ ಹಚ್ಚಿದ್ದನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು. ವಿಚಾರಣೆ ಮುಗಿಯುವ ಮುನ್ನವೇ ಇಡೀ ಬಡಾವಣೆಗೆ ಅಪರಾಧಿಯ ಹಣೆಪಟ್ಟಿ ಹಚ್ಚುವುದನ್ನೂ ಒಪ್ಪಲಾಗದು. ಆದರೆ ಈ ವಾಗ್ವಾದದ ನಡುವೆ ಅಲ್ಲಿನ ಮಕ್ಕಳು ಮರೆತುಹೋದರು.

ಆ ಘಟನೆಗೆ ಕೇವಲ 13 ದಿನಗಳ ಮೊದಲು, ಜುಲೈ 29ರಂದು, ಕೇಂದ್ರ ಸಂಪುಟವು ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ನೀಡಿತ್ತು. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕಿಂತಲೂ ಹೆಚ್ಚು ಭಾಗ ಆರು ವರ್ಷದೊಳಗೇ ನಡೆಯುತ್ತದೆಂದು ಆ ನೀತಿ ಹೇಳುತ್ತದೆ. ಆದರೆ ಅಮೂಲ್ಯವಾದ ಅದೇ ವಯಸ್ಸಿನಲ್ಲಿ ಈ ಬಡಾವಣೆಗಳ ಮಕ್ಕಳಿಗೆ ಸಿಕ್ಕಿದ್ದೇನು? ಹಿಂಸೆಯ ನೆನಪು, ದುಡಿಯುವ ಕೈಯನ್ನು ಕಳಕೊಂಡ ಮನೆ, ಕೊರೋನಾದಿಂದ ಮುಚ್ಚಿದ ಶಾಲೆ. ರಾಜ್ಯದಲ್ಲಿ 1ರಿಂದ 5ನೇ ತರಗತಿಗಳು ಪುನರಾರಂಭಗೊಂಡದ್ದು 2021ರ ಅಕ್ಟೋಬರ್ 25ರಂದು. ಅನುಕೂಲಸ್ಥರ ಮಕ್ಕಳು ಮೊಬೈಲ್ ಮೂಲಕ ಪಾಠ ಕೇಳಿದರು. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ವಾಸಿಸುವ ಮನೆಯ ಮಗು ಏನು ಮಾಡಬೇಕಿತ್ತು?

ಭಯದಲ್ಲಿ ಬೆಳೆದ ಮಗು ತರಗತಿಯಲ್ಲಿ ಸುಮ್ಮನಿರುತ್ತದೆ, ಇಲ್ಲವೇ ಸಣ್ಣ ಮಾತಿಗೂ ಸಿಡಿದೇಳುತ್ತದೆ. ಬಾಗಿಲು ಬಡಿದ ಸದ್ದಿಗೆ ಬೆಚ್ಚುತ್ತದೆ. ನಿನ್ನೆ ಕಲಿತದ್ದನ್ನು ಇಂದು ಮರೆಯುತ್ತದೆ. ನಾವು ಅದಕ್ಕೆ ದಡ್ಡ, ಪೋಕರಿ ಎಂದು ಹೆಸರಿಡುತ್ತೇವೆ. ವಾಸ್ತವದಲ್ಲಿ ಆ ಮಗುವಿಗೆ ಅಕ್ಷರಕ್ಕಿಂತ ಮೊದಲು ಬೇಕಾದುದು ಅಭಯ. ದಿನವೂ ಅದೇ ಶಿಕ್ಷಕಿ, ಅದೇ ಸಮಯ, ಅದೇ ನಗುಮುಖ. ಕತೆ, ಚಿತ್ರ, ಆಟ. ಮನೆಯಲ್ಲಾಡುವ ದಖ್ಖನಿಯಲ್ಲಿ ಮಾತನಾಡಿಸುತ್ತಾ ಮೆಲ್ಲನೆ ಕನ್ನಡಕ್ಕೆ ಕೈಹಿಡಿದು ನಡೆಸುವ ತಾಳ್ಮೆ. ಇವಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿಯಂತೆ ಮದ್ರಸಗಳು ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಈ ವಿನಾಯಿತಿ ಬೆತ್ತಕ್ಕೆ ಸಿಕ್ಕ ಪರವಾನಗಿಯೇ? ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದ ಬಾಲಕ ಅನಸ್(ರ)ರಿಗೆ ಅವರಿಂದ ಒಮ್ಮೆಯೂ ಛೀ ಎನಿಸಿಕೊಳ್ಳುವ ಪ್ರಸಂಗ ಬರಲಿಲ್ಲ. ಮಗುವಿನ ಅಳು ಕೇಳಿದರೆ ಪ್ರವಾದಿ(ಸ)ರು ತಾಯಿಯ ಸಂಕಟವನ್ನು ನೆನೆದು ನಮಾಝನ್ನೇ ಸಂಕ್ಷಿಪ್ತಗೊಳಿಸುತ್ತಿದ್ದರು. ಬೀದಿಯಲ್ಲೂ ಹೊಡೆತ, ಮನೆಯಲ್ಲೂ ಹೊಡೆತ, ದೀನೀ ಪಾಠಕ್ಕೆ ಬಂದರೆ ಅಲ್ಲೂ ಹೊಡೆತ ಎಂದಾದರೆ ಆ ಮಗು ಕಲಿಯುವುದು ಒಂದೇ ಪಾಠ: ಬಲವಿದ್ದವನು ಹೊಡೆಯುತ್ತಾನೆ. ನಾಳೆ ಅದೇ ಮಗು ಕಲ್ಲೆತ್ತಿಕೊಂಡರೆ ನಾವು ಯಾರನ್ನು ದೂರಬೇಕು?

ಶಾಲೆಯ ಹೊರಗುಳಿದ ಮಕ್ಕಳ ಬಗ್ಗೆ ಸಮುದಾಯಕ್ಕೆ ತಿಳಿದಿಲ್ಲವೆಂದಲ್ಲ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕನೆಯ ಒಂದು ಭಾಗ ಶಾಲೆಯನ್ನೇ ಸೇರಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದೆಯೆಂದು ಸಾಚಾರ್ ವರದಿ 2006ರಲ್ಲೇ ಎಚ್ಚರಿಸಿತ್ತು. ಆ ಅಂಕಿಯನ್ನು ನಾವು ವೇದಿಕೆಗಳಲ್ಲಿ ಸಾಕಷ್ಟು ಉಲ್ಲೇಖಿಸಿದ್ದೇವೆ. ಇನ್ನು ಮೊಹಲ್ಲಾದೊಳಗೆ ಇಳಿಯಬೇಕು.

ಇಂಥ ಬಡಾವಣೆಗಳಿಗೆ ಸಾಕಷ್ಟು ಅಂಗನವಾಡಿಗಳನ್ನೂ ತರಬೇತಾದ ಶಿಕ್ಷಕಿಯರನ್ನೂ ಒದಗಿಸುವುದು ಸರಕಾರದ ಹೊಣೆ. ಪೊಲೀಸ್ ಹೊರಠಾಣೆ ತೆರೆಯುವಾಗ ತೋರುವ ಆತುರದ ಒಂದಂಶವನ್ನಾದರೂ ಅದು ಇಲ್ಲಿ ತೋರಲಿ. ಆದರೆ ಸರಕಾರಕ್ಕಾಗಿ ಕಾಯುತ್ತಾ ಕೂರುವ ಅಗತ್ಯ ನಮಗಿಲ್ಲ. ಮಧ್ಯಾಹ್ನ ಖಾಲಿಯಿರುವ ಮಸೀದಿ ಸಭಾಂಗಣವನ್ನು ಜಮಾಅತ್ ಸಮಿತಿಗಳು ಮಕ್ಕಳಿಗೆ ಬಿಟ್ಟುಕೊಡಲಿ. ಮೊಹಲ್ಲಾದ ಓದಿದ ಹೆಣ್ಣುಮಕ್ಕಳನ್ನು ಶಿಕ್ಷಕಿಯರನ್ನಾಗಿ ತರಬೇತುಗೊಳಿಸಿ ಗೌರವಯುತ ಸಂಬಳ ನೀಡಲಿ. ಮತಭೇದವಿಲ್ಲದೆ ನೆರೆಯ ಮಕ್ಕಳೆಲ್ಲರೂ ಅಲ್ಲಿ ಜೊತೆಗೂಡಿ ಕಲಿಯಲಿ. ತಂದೆ ಜೈಲಿನಲ್ಲಿರುವ ಮಗು ಯಾರ ಬಾಯಿಂದಲೂ ಅದರ ಚುಚ್ಚುಮಾತು ಕೇಳದಿರಲಿ.

ಮಸೀದಿಯ ಮಿನಾರಕ್ಕೆ ಇನ್ನೊಂದು ಅಂತಸ್ತು ಸೇರಿಸುವ ಮುನ್ನ, ಅದರ ನೆರಳಿನಲ್ಲಿ ಹೆದರಿ ನಿಂತ ಮಗುವಿನತ್ತ ನಾವೊಮ್ಮೆ ನೋಡಬೇಕಾಗಿದೆ.