ಡುಮ್ಮಿ ಅಂತ ಕರೆದು ‘ಸುಂದರಿ ಅಂದುಕೋ’ ಅಂದರೆ?

ಕರಿಯ, ಕಡ್ಡಿ, ಡುಮ್ಮಿ. ನಮ್ಮ ಉಯ್ಯಂಬಳ್ಳಿ ಕಡೆ ಇವನ್ನು ಯಾರೂ ಬೈಗುಳ ಅಂದುಕೊಳ್ಳಲ್ಲ. ನನ್ನನ್ನೂ ಪಿಯುಸಿ ಮುಗಿಯೋವರೆಗೆ ಕಡ್ಡಿ ಅಂತಲೇ ಕರೆದರು.

ಈಗ ರೀಲ್ಸ್‌ನಲ್ಲಿ ಒಂದು ಉಪಾಯ ಹೇಳ್ತಾರೆ: ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನಾನು ಸುಂದರಿ’ ಅಂತ ಹೇಳಿಕೊಳ್ಳಿ. ನಮ್ಮಣ್ಣನ ಮಗಳು ಒಂದು ವಾರ ಹೇಳಿ ಬಿಟ್ಟಳು. “ಸುಳ್ಳು ಹೇಳಿದಂಗೆ ಆಯ್ತದೆ ಚಿಕ್ಕಪ್ಪ” ಅಂದಳು.

ತಪ್ಪು ಅವಳದಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮನ್ನು ತಾವೇ ಕೀಳಾಗಿ ಕಾಣುವವರಿಗೆ ‘ನಾನು ಎಲ್ಲರೂ ಪ್ರೀತಿಸುವಂಥ ಮನುಷ್ಯ’ ಅಂತ ಹೇಳಿಕೊಂಡ ಮೇಲೆ ಮನಸ್ಸು ಇನ್ನಷ್ಟು ಕುಗ್ಗಿತ್ತಂತೆ.

ನಂಬೋಕಾಗುವಷ್ಟೇ ಹೇಳಿಕೋ ಅಂದೆ. “ರೇಷ್ಮೆಹುಳಕ್ಕೆ ಸೊಪ್ಪು ಹೊತ್ತು ತರೋ ತೋಳು ಇವು.” ಇದನ್ನು ಹೇಳುವಾಗ ಅವಳು ತಡವರಿಸಲಿಲ್ಲ.

ಆದರೆ ಬೆಳಿಗ್ಗೆ ಅವಳು ಕಟ್ಟಿಕೊಂಡ ಧೈರ್ಯವನ್ನು ಸಂಜೆ ಜಗಲಿ ಮೇಲೆ ಕೂತು ನಾವೇ ಕೆಡವಿದರೆ? ಮಕ್ಕಳು ಮೈ ನೆನೆದು ಊಟ ಬಿಡುವಷ್ಟಾದರೆ ತಡ ಮಾಡದೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ನಾನೂ ಅವಳನ್ನು ಡುಮ್ಮಿ ಅಂತಲೇ ಕರೀತಿದ್ದೆ. ಬಿಟ್ಟು ಒಂದು ತಿಂಗಳಾಯಿತು. ಎರಡು ಸಲ ಬಾಯಿತಪ್ಪಿ ಬಂದಿದೆ.