ಬಿಸಿಲ ಬೆಳೆಗೆ ಊರಿನ ಒಪ್ಪಿಗೆ

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮೈಸೂರು ನಗರದಲ್ಲಿ ವಿದ್ಯುದ್ದೀಪ ಬೆಳಗಿದುದು 1908ರಲ್ಲಿ. ತಂತಿಯ ಕೆಳಗಣ ಹಳ್ಳಿಗಳು ತಲೆಯೆತ್ತಿ ನೋಡಿಕೊಂಡಿದ್ದುವು. ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿಯೇ ಏರ್ಪಟ್ಟಿದ್ದರೂ ಅದಕ್ಕೆ ಶಾಸನ ರಚಿಸುವ ಅಧಿಕಾರವಿರಲಿಲ್ಲವಾದುದರಿಂದ ಅಂದಿನವರನ್ನು ದೂರಿ ಫಲವಿಲ್ಲ. ಗ್ರಾಮಸಭೆಗೆ 1993ರ ಪಂಚಾಯತ್ ಕಾಯಿದೆಯೇ ಸ್ಥಾನ ಕೊಟ್ಟಿರುವ ಈ ಕಾಲದವರಿಗೆ ಆ ನೆವವಿಲ್ಲ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೌರ ಉದ್ಯಾನವನ್ನು ನೋಡಬಹುದು. 2018ರಲ್ಲಿ ಉದ್ಘಾಟನೆಗೊಂಡ ಈ ಕ್ಷೇತ್ರವು ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಹಬ್ಬಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಸರ್ಕಾರವು ನೆಲವನ್ನು ಕಸಿದುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ಗೇಣಿಗೆ ಪಡೆಯಿತು. ಮಳೆ ಕಾಣದ ಸೀಮೆಯಲ್ಲಿ ಇದು ಅಲ್ಪ ಉಪಕಾರವಲ್ಲ. ಸಾಲದಲ್ಲಿ ಮುಳುಗಿದ್ದ ಎಷ್ಟೋ ಒಕ್ಕಲುಗಳು ಇದರಿಂದ ಉಸಿರಾಡಿರಬಹುದು. ಇದನ್ನು ಒಪ್ಪದವನು ವಾದಕ್ಕೆ ಅನರ್ಹನು.

ಆದರೆ ಗೇಣಿ ಸಂದಾಯವಾಗುವುದು ಪಹಣಿಯಲ್ಲಿ ಹೆಸರುಳ್ಳವನಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಕೂಲಿಯವಳಿಗೇನು? ಕೊಯ್ಲಾದ ಮೇಲೆ ಕುರಿ ಮೇಯಿಸುತ್ತಿದ್ದವನಿಗೇನು? ಬೇಲಿ ಬಿದ್ದ ದಿನವೇ ಅವರ ಜೀವನೋಪಾಯವು ಬೇಲಿಯ ಒಳಗೆ ಉಳಿಯಿತು. ಒಡೆಯನ ಸಹಿಯನ್ನು ಊರಿನ ಸಮ್ಮತಿಯೆಂದು ಎಣಿಸುವುದು ಎಂಥ ನ್ಯಾಯ? ಗಣಿಯೊಂದನ್ನು ತೆರೆಯಬೇಕಾದರೆ ಸಾಮಾನ್ಯವಾಗಿ ಸಾರ್ವಜನಿಕ ವಿಚಾರಣೆ ನಡೆಯಬೇಕು. ಸೌರ ಸ್ಥಾವರಗಳಿಗೋ 2006ರ ಪರಿಸರ ಅಧಿಸೂಚನೆಯ ಆ ಕಟ್ಟಳೆ ಅನ್ವಯಿಸುವುದಿಲ್ಲ. ಹೊಗೆಯಿಲ್ಲವೆಂಬುದೊಂದೇ ಕಾರಣದಿಂದ ಪ್ರಶ್ನೆಯೂ ಇಲ್ಲದಂತಾಯಿತು. ಕೃಷಿಭೂಮಿಯನ್ನು ಅನ್ಯ ಉಪಯೋಗಕ್ಕೆ ತಿರುಗಿಸುವ ಅನುಮತಿಯನ್ನಾದರೂ 1964ರ ಭೂಕಂದಾಯ ಕಾಯಿದೆಯು ಒಪ್ಪಿಸಿದ್ದು ಜಿಲ್ಲಾಧಿಕಾರಿಗೆ, ಗ್ರಾಮಸಭೆಗಲ್ಲ.

ಹಳ್ಳಿಹಳ್ಳಿಗೂ ಅಡ್ಡಿಮಾಡುವ ಅಧಿಕಾರ ಕೊಟ್ಟರೆ ರಾಜ್ಯವೇ ಕತ್ತಲಾದೀತೆಂಬುದು ರಾಜಧಾನಿಯ ಪಂಡಿತರ ಆಕ್ಷೇಪ. ಈ ಭಯವು ಅವರಿಗೆ ನಗರಗಳ ವಿಷಯದಲ್ಲಿ ಏಕೆ ಹುಟ್ಟಲಿಲ್ಲವೋ ತಿಳಿಯದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಮೈಸೂರಿನ ಮಹಾಯೋಜನೆಯ ಕರಡು ಪ್ರಕಟವಾದಾಗ, ಜಯಲಕ್ಷ್ಮೀಪುರಂ ಬಡಾವಣೆಯ ಗೃಹಸ್ಥನು ತನ್ನ ಬೀದಿಯಲ್ಲಿ ಕಾರ್ಖಾನೆ ಬೇಡವೆಂದು ಬರೆದುಕೊಳ್ಳಲು 60 ದಿವಸಗಳ ಅವಕಾಶವುಂಟು. ಅದರಿಂದ ಮೈಸೂರು ಕೆಟ್ಟಿಲ್ಲ. ಅವನ ಮನೆಯ ದೀಪಕ್ಕಾಗಿ ಹೊಲ ಬಿಟ್ಟವರಿಗೆ ಅಷ್ಟು ದಿವಸಗಳನ್ನು ಕೊಡುವುದಕ್ಕೆ ಶಾಸನಕರ್ತರ ಕೈ ನಡುಗುವುದೇಕೆ?

ಬೇಕಾಗಿರುವುದು ನಿಷೇಧವಲ್ಲ. ದೊಡ್ಡ ಸ್ಥಾವರದ ನಕ್ಷೆಯನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದತಕ್ಕದ್ದು. ಗೋಮಾಳ, ಕೆರೆಗೆ ನೀರು ಬರುವ ಹಳ್ಳ, ಕುರಿದಾರಿಗಳನ್ನು ಊರವರೇ ಗುರುತಿಸತಕ್ಕದ್ದು. ಭೂಮಿಯಿಲ್ಲದವರ ಪಾಲನ್ನು ಗೇಣಿಯ ಕರಾರಿನಲ್ಲಿಯೇ ಬರೆಯತಕ್ಕದ್ದು. ಇದಿಷ್ಟನ್ನೂ 60 ದಿವಸಗಳಲ್ಲಿ ಮುಗಿಸಬಹುದು. ಪಾವಗಡದ ಕಾಮಗಾರಿಗೇ ವರ್ಷಗಳು ಹಿಡಿದುವು.